ಒಳಗಿನಿಂದ ಕೂರಿಸಿದ ಪಟ್ಟಿ

ಭಾವನನ್ನು ಗಾಜಿನ ಕೋಣೆಯೊಳಗೆ ಕೂಡಿಹಾಕಬೇಕೆಂಬ ದುರುದ್ದೇಶ ಗಾಜಿನವನಿಗೆ ಖಂಡಿತ ಇರಲಿಲ್ಲ. ಇದ್ದಿದ್ದರೆ ಕೆಲಸ ಇಷ್ಟು ಅಚ್ಚುಕಟ್ಟಾಗಿ ಆಗುತ್ತಲೇ ಇರಲಿಲ್ಲ. ಭಾವ ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ, ಅಷ್ಟೆ. ಅಕ್ಕನ ಮದುವೆಯಾದಾಗಿನಿಂದ ಆ ಮನೆಯಲ್ಲಿ ಎಲ್ಲರೂ ಮಾಡಿಕೊಂಡು ಬಂದದ್ದು ಅದನ್ನೇ. ಭಾವ ಒಂದು ಮಾತು ಹೇಳಿದರೆ "ಆಯ್ತು ಭಾವ" ಅನ್ನಬೇಕು. ಅನ್ನದಿದ್ದರೆ ಅದೇ ಮಾತನ್ನು ಇನ್ನೂ ಜೋರಾಗಿ ಕೇಳಬೇಕು. ಎರಡನೆಯ ಸಲ ಕೇಳಿದವರ ಕಿವಿ ದಿನವೆಲ್ಲ ಗುಂಯ್‌ಗುಡುತ್ತಿತ್ತು. ಹಾಗಾಗಿ ಎರಡನೆಯ ಸಲಕ್ಕೆ ಯಾರೂ ಕಾಯುತ್ತಿರಲಿಲ್ಲ.

ಈ ಭಾವ ಹಾಸಿಗೆ ಮಾರುವ ಕಂಪನಿಯೊಂದರ ಕಚೇರಿಗೆ ಮ್ಯಾನೇಜರು. ಜನ ನೆಮ್ಮದಿಯಾಗಿ ನಿದ್ದೆ ಮಾಡಲಿ ಎಂಬುದು ಕಂಪನಿಯ ಧ್ಯೇಯ; ಅದನ್ನು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿಯೂ ಇದ್ದರು. ಅದರ ಕೆಳಗೇ ನಿಂತು ಭಾವ ಬೆಳಗಿನಿಂದ ಸಂಜೆಯವರೆಗೆ ಕೂಗಾಡುತ್ತಿದ್ದರು. ಅವರ ಕೋಣೆಗಿದ್ದ ಹಳೆಯ ತೆಳು ಗಾಜು ಅವರ ಗಂಟಲಿಗೆ ಅದುರಿ ಅದುರಿ ಕೊನೆಗೆ ಒಂದು ಮೂಲೆಯಲ್ಲಿ ಸೀಳು ಬಿಟ್ಟಿತು. ಆಗ ಭಾವ ಮೇಲಿನವರಿಗೆ ದೂರು ಕೊಟ್ಟರು: ಈ ಕಚೇರಿಯಲ್ಲಿ ವಿಪರೀತ ಗಲಾಟೆ, ತಲೆ ಚಿಟ್ಟು ಹಿಡಿಯುತ್ತದೆ, ಸದ್ದು ನುಗ್ಗದಂಥ ಗಾಜು ಹಾಕಿಸಿಕೊಡಿ. ಗಲಾಟೆ ಯಾರದೆಂದು ಹೇಳುವ ಗಂಡೆದೆ ಆ ಕಚೇರಿಯಲ್ಲಿ ಯಾರಿಗೂ ಇರಲಿಲ್ಲ. ಮೇಲಿನವರು ಒಪ್ಪಿಕೊಂಡರು.

ಕೆಲಸ ಗಾಜಿನವನಿಗೆ ಬಂತು. ಹೊರಗಿನವರಿಗೆ ಕೊಟ್ಟರೆ ಬೈಯುವಾಗ ಸ್ವಲ್ಪವಾದರೂ ಮುಖ ನೋಡಬೇಕಾಗುತ್ತದೆ, ಹೆಂಡತಿಯ ತಮ್ಮನಾದರೆ ಆ ತಾಪತ್ರಯವಿಲ್ಲ ಎಂಬುದು ಭಾವನ ಲೆಕ್ಕಾಚಾರ. ಗಾಜಿನವ ಒಪ್ಪಿದ್ದು ಅಕ್ಕನ ಮುಖ ನೋಡಿ. ತಾಯಿಯಿಲ್ಲದ ಮನೆಯಲ್ಲಿ ಅವನನ್ನು ಎತ್ತಿ ಆಡಿಸಿದವಳು ಅವಳು. ಆಗೆಲ್ಲ ಅವಳು ಬಾಯಿ ತೆರೆದರೆ ಬೀದಿ ಕೊನೆಯ ಮನೆಯವರೂ ಕಿಟಕಿಗೆ ಬರುತ್ತಿದ್ದರು, ಅಂಥ ಮಾತುಗಾರ್ತಿ. ಮದುವೆಯಾದ ಮೇಲೆ ಅವಳ ಮಾತೆಲ್ಲ "ಹೂಂ", "ಬಂದೆ" ಎಂಬ ಎರಡಕ್ಕೆ ಇಳಿದುಬಿಟ್ಟಿತ್ತು. ಅದನ್ನು ನೆನೆದಾಗಲೆಲ್ಲ ಗಾಜಿನವನಿಗೆ ಹೊಟ್ಟೆ ಉರಿಯುತ್ತಿತ್ತು. ಉರಿದರೂ "ಆಯ್ತು ಭಾವ" ಅನ್ನುವುದನ್ನು ಅವನೇನೂ ಬಿಟ್ಟಿರಲಿಲ್ಲ.

ಕೋಣೆಗೆ ಹಿಂದುಗಡೆ ಕಟ್ಟಡದ ಗೋಡೆ, ಮೇಲೆ ಕಾಂಕ್ರೀಟು, ಉಳಿದ ಮೂರು ಕಡೆ ಗಾಜು. ಗಾಜೆಂದರೆ ಸಾಮಾನ್ಯದ್ದಲ್ಲ, ಕುಲುಮೆಯಲ್ಲಿ ಕಾಯಿಸಿ ಗಟ್ಟಿ ಮಾಡಿದ ಎರಡೆರಡು ಟಫನ್ ಗಾಜುಗಳ ನಡುವೆ ಗಾಳಿ ತುಂಬಿ ಅಂಚು ಮುಚ್ಚಿದ ದಪ್ಪ ಹಲಗೆಗಳು. ಒಂದೊಂದನ್ನು ಎತ್ತಲು ಗಾಜಿನವನ ಜೊತೆಗಾರನೇ ಬೇಕು. ಅವನನ್ನು ಎಲ್ಲರೂ ಗೂಳಿ ಅನ್ನುತ್ತಿದ್ದರು. ಆಳು ಬೀರುವಿನಷ್ಟಿದ್ದ, ದನಿ ಮಾತ್ರ ಸೊಳ್ಳೆಯದು. ಇಬ್ಬರೂ ಗಾಜಿಗೆ ಕಚ್ಚಿಕೊಳ್ಳುವ ರಬ್ಬರ್ ಹಿಡಿಕೆಗಳನ್ನು ಹಿಡಿದು, ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಒಂದೊಂದೇ ಹಲಗೆ ನಿಲ್ಲಿಸಿ, ಸುತ್ತ ಅದನ್ನು ಹಿಡಿದಿಡುವ ಬೀಡಿಂಗ್ ಪಟ್ಟಿ ಕೂರಿಸುತ್ತ ಬಂದರು. ಹೊರಗಿನಿಂದ ಯಾರೂ ಕಿತ್ತು ಒಳಗೆ ನುಗ್ಗಬಾರದೆಂದು ಪಟ್ಟಿಗಳೆಲ್ಲ ಒಳಗಡೆಯಿಂದಲೇ ಇರಬೇಕೆಂದು ಭಾವ ಕಟ್ಟುನಿಟ್ಟಾಗಿ ಹೇಳಿದ್ದರು. ಒಳಗಿನ ಪಟ್ಟಿಯನ್ನು ಒಳಗಿದ್ದವರೇ ತೆಗೆಯಬೇಕು. ಭಾವನಿಗೆ ಬೇಕಾದದ್ದೂ ಅದೇ.

ಗಾಜು ಎತ್ತುವಾಗ ಸುತ್ತ ಹಳದಿ ಟೇಪು ಕಟ್ಟುವುದು, ತಲೆಗೆ ಹೆಲ್ಮೆಟ್, ಕಣ್ಣಿಗೆ ದಪ್ಪ ಕನ್ನಡಕ, ಕೈಗೆ ಗವಸು ಇಲ್ಲದೆ ಯಾರನ್ನೂ ಟೇಪಿನೊಳಗೆ ಬಿಡದಿರುವುದು ಗಾಜಿನವನ ಪದ್ಧತಿ. ಭಾವನಿಗೆ ಈ ಪದ್ಧತಿ ಬಹಳ ಹಿಡಿಸಿತು, ಯಾಕೆಂದರೆ ಬೈಯಲು ಒಂದು ಹೊಸ ಕಾರಣ ಸಿಕ್ಕಿತ್ತು. "ಕೆಲ್ಸ ಮುಗಿಯೋ ತನಕ ಈ ಟೇಪು ಯಾರೂ ದಾಟೋ ಹಾಗಿಲ್ಲ! ಏನೇ ಆಗ್ಲಿ! ಯಾರೇ ಆಗ್ಲಿ!" ಎಂದು ಇಡೀ ಕಚೇರಿಗೆ ಘೋಷಿಸಿದರು. ಘೋಷಿಸುವಾಗ ಅವರು ನಿಂತಿದ್ದದ್ದು ಟೇಪಿನ ಒಳಗೆ, ತಮ್ಮ ಮೇಜಿನ ಮುಂದೆ. ಹೊರಗೆ ಬರಬೇಕೆಂದರೆ ಅವರೇ ಟೇಪು ದಾಟಬೇಕು. ಮಾತಿಗೆ ತಪ್ಪುವ ಜಾಯಮಾನ ಅವರದಲ್ಲ. ಹೆಲ್ಮೆಟ್ ಹಾಕಿಕೊಂಡು ಅಲ್ಲೇ ಕುರ್ಚಿಯಲ್ಲಿ ಕೂತರು.

ಕೊನೆಗೆ ಉಳಿದದ್ದು ಬಾಗಿಲು. ಬಾಗಿಲ ಗಾಜಿನ ಕಟ್ಟು ಬಿಚ್ಚಿದ ಗಾಜಿನವ ಅಂಚಿನುದ್ದಕ್ಕೂ ಕೈಯಾಡಿಸಿ ನೋಡಿದ. ಅದರಲ್ಲಿ ಕೀಲಿಗೂ ತೂತಿಲ್ಲ, ಹಿಡಿಗೂ ತೂತಿಲ್ಲ. ಟಫನ್ ಗಾಜಿಗೆ ಏನು ಕೊರೆಯಬೇಕಿದ್ದರೂ ಕಾರ್ಖಾನೆಯಲ್ಲಿ ಕುಲುಮೆಗೆ ಹಾಕುವ ಮುಂಚೆಯೇ ಕೊರೆಯಬೇಕು. ಆಮೇಲೆ ಡ್ರಿಲ್ ಮುಟ್ಟಿಸಿದರೆ ಇಡೀ ಗಾಜು ಕಾಳುಕಾಳಾಗಿ ಉದುರುತ್ತದೆ.

"ಭಾವ, ತೂತು ಹಾಕಿ ಅಂತ ಕಾರ್ಖಾನೆಯವರಿಗೆ ಅಳತೆ ಕೊಟ್ಟಿದ್ದೆ. ಇವರು ಹಾಕೇ ಇಲ್ಲ."

"ನಾನೇ ಬೇಡ ಅಂತ ಫೋನ್ ಮಾಡ್ದೆ. ಹೊಸಾ ಗಾಜಿಗೆ ತೂತು ಹೊಡೀತಾರೇನೋ? ಅದರಲ್ಲಿ ಸದ್ದು ನುಗ್ಗಲ್ವಾ?"

"ಹಾಗಾದ್ರೆ ಬಾಗಿಲು ತೂಗುಹಾಕೋದು ಹೇಗೆ ಭಾವ?"

"ಬಾಗಿಲಿನ ಮಾತು ಆಮೇಲೆ. ನಾಳೆ ಕಂಪನಿ ಯಜಮಾನರು ನೋಡೋಕೆ ಬರ್ತಾರೆ. ಬಾಯಿ ತೆರ್ಕೊಂಡಿರೋ ಕೋಣೆ ತೋರಿಸ್ಲಾ? ಮಿಕ್ಕಿದ್ದನ್ನ ಕೂರಿಸಿದ ಹಾಗೇ ಇದನ್ನೂ ಕೂರ್ಸು."

"ಒಳಗಡೆ ಪಟ್ಟಿ ಹಾಕೋಕೆ ನಾನು..."

"ಕೊಡು ಇಲ್ಲಿ! ನಾನೇ ಹಾಕ್ತೀನಿ. ಅದೇನು ದೊಡ್ಡ ವಿದ್ಯೆನಾ?"

"ಆಯ್ತು ಭಾವ," ಅಂದ ಗಾಜಿನವ.

ಇಲ್ಲಿ ಯಾರಾದರೂ ಒಂದು ಗಳಿಗೆ ಯೋಚಿಸಬಹುದಿತ್ತು ಎಂದು ನಿಮಗನ್ನಿಸಬಹುದು. ಅನ್ನಿಸುವುದು ಸಹಜ, ನೀವು ಭಾವನ ದನಿ ಕೇಳಿದವರಲ್ಲ. ಪಟ್ಟಿಗಳೂ ರಬ್ಬರ್ ಸುತ್ತಿಗೆಯೂ ಒಳಗೆ ಹೋದವು, ಗಾಜು ಎದ್ದು ನಿಂತಿತು. ಅಲ್ಯೂಮಿನಿಯಂ ಪಟ್ಟಿಯನ್ನು ಒಂದು ತುದಿಯಿಂದ ಮೆಲ್ಲಗೆ ತಟ್ಟುತ್ತ ಹೋದರೆ ಅದು ತಾನಾಗಿಯೇ ಕಟಕ್ಕೆಂದು ಕೂರುತ್ತದೆ. ಭಾವ ತಟ್ಟಲಿಲ್ಲ, ಹೊಡೆದರು. ನಾಲ್ಕು ಪಟ್ಟಿಯೂ ಸೊಟ್ಟಗಾಗಿ, ಮೂಲೆಯಲ್ಲಿ ಒಂದರೊಳಗೊಂದು ಸಿಕ್ಕಿಕೊಂಡು, ಗಾರೆ ಹಾಕಿದಷ್ಟು ಭದ್ರವಾದವು. ಗಾಜಿನವ ಹೊರಗಿನ ಸಂದಿಗೆಲ್ಲ ಸಿಲಿಕಾನ್ ಅಂಟು ಎಳೆದು ಬೆರಳಿನಿಂದ ನಯ ಮಾಡಿದ. ಗೂಳಿ ಟೇಪು ಬಿಚ್ಚಿದ. ಭಾವ ಹೆಲ್ಮೆಟ್ ತೆಗೆದು ಮೇಜಿನ ಮೇಲಿಟ್ಟು, ಹೊರಗೆ ಬರಲೆಂದು ಠೀವಿಯಿಂದ ನಡೆದುಬಂದು ಗಾಜಿಗೆ ಹಣೆ ಜಜ್ಜಿಕೊಂಡರು.

ಅವರ ಬಾಯಿ ಅಗಲವಾಗಿ ತೆರೆಯಿತು. ಕಚೇರಿಯವರೆಲ್ಲ ಅಭ್ಯಾಸಬಲದಿಂದ ಭುಜ ಕುಗ್ಗಿಸಿಕೊಂಡರು. ಏನೂ ಕೇಳಿಸಲಿಲ್ಲ.

ಭಾವನ ಬಾಯಿ ತೆರೆಯಿತು, ಮುಚ್ಚಿತು, ಕತ್ತಿನ ನರ ಉಬ್ಬಿತು, ಬೆರಳು ಗಾಳಿಯನ್ನು ತಿವಿಯಿತು. ಕಚೇರಿಯಲ್ಲಿ ಮಾತ್ರ ಗೋಡೆ ಗಡಿಯಾರದ ಟಿಕ್ ಟಿಕ್. ಇಲ್ಲೊಂದು ಗಡಿಯಾರ ಇದೆ ಎಂಬುದೇ ಬಹಳ ಜನಕ್ಕೆ ಆಗ ಗೊತ್ತಾಯಿತು. ಕ್ಯಾಷಿಯರ್ ಮೇಡಂ ತಮಗೇ ತಿಳಿಯದೆ ಯಾವುದೋ ರಾಗ ಗುನುಗತೊಡಗಿದರು. ಅಟೆಂಡರ್ ಕುರ್ಚಿಯಲ್ಲಿ ಬೆನ್ನು ಒರಗಿಸಿ ಕೂತ. ಅದಕ್ಕೆ ಬೆನ್ನೊರಗು ಇರುವುದು ಅವನಿಗೆ ಹೊಸ ಸುದ್ದಿ.

"ನಾಳೆ ಯಜಮಾನರು ಬಂದು ಹೋಗೋ ತನಕ ಹೀಗೇ ಇರ್ಲಿ ಬಿಡಿ," ಅಂದರು ಮೇಡಂ. "ಎಷ್ಟು ಶ್ರದ್ಧೆಯಿಂದ ಕೂತಿದ್ದಾರೆ ಅಂತ ಅನ್ಕೋತಾರೆ."

ನಗು ಬರುವ ಮಾತೇ. ಆದರೆ ಗಾಜಿನವನಿಗೆ ನಗು ಬರಲಿಲ್ಲ. ಮೇಲೆ ಏಸಿಯವರು ಇನ್ನೂ ಗಾಳಿಕೊಳವೆ ಕೂಡಿಸಿರಲಿಲ್ಲ; ಬರುವುದು ಮಾರನೆಯ ದಿನ. ಸದ್ದು ನುಗ್ಗದ ಹಾಗೆ ತಾನೇ ಮುಚ್ಚಿದ ಸಂದಿಗಳಲ್ಲಿ ಗಾಳಿಯೂ ನುಗ್ಗುವುದಿಲ್ಲ. ಸುಮ್ಮನೆ ಕೂತರೆ ಸಂಜೆಯವರೆಗೆ ಭಯವಿಲ್ಲ. ಭಾವ ಸುಮ್ಮನೆ ಕೂರುವ ಆಸಾಮಿಯೇ? ಕೂಗಿದಷ್ಟೂ ಗಾಳಿ ಖರ್ಚು, ಸೆಕೆ ಹೆಚ್ಚು, ಅವರಿಗೆ ಬಿ.ಪಿ. ಬೇರೆ. ಮುಖ ಆಗಲೇ ಕೆಂಪಗಾಗಿತ್ತು.

ಒಳಗಿರುವುದು ಅಕ್ಕನ ಗಂಡ. ಏನಾದರೂ ಆದರೆ ಅವಳ ಮುಂದೆ ಹೋಗಿ ನಿಂತು ಏನು ಹೇಳುವುದು? "ನೀವು ಕೂಗಾಡೋದು ನಿಲ್ಲಿಸಿ ಭಾವ," ಎಂದು ಅವನು ಮೊದಲ ಬಾರಿಗೆ ಭಾವನೆದುರು ಗಟ್ಟಿಯಾಗಿ ಹೇಳಿದ. ಕೇಳಿಸುವುದಿಲ್ಲವಾದ್ದರಿಂದ ಹೇಳಲು ಏನೂ ಕಷ್ಟವಾಗಲಿಲ್ಲ.

ಮೊದಲು ಪಟ್ಟಿ ತೆಗೆಯುವಂತೆ ಹೇಳಿ ನೋಡಿದ. ಫೋನು ಮಾಡೋಣವೆಂದರೆ, ಕೆಲಸದ ಹೊತ್ತಿನಲ್ಲಿ ಎಲ್ಲರ ಮೊಬೈಲುಗಳೂ ಕಚೇರಿಯ ಹೊರಬಾಗಿಲ ಬಳಿಯ ತಗಡಿನ ಡಬ್ಬಿಯಲ್ಲಿರಬೇಕೆಂಬುದು ಭಾವನದೇ ಕಾನೂನು. ಅವರ ಮೊಬೈಲೂ ಅಲ್ಲೇ ಬಿದ್ದಿತ್ತು. ಹಾಗಾಗಿ ಅಭಿನಯವೇ ಗತಿ. ಗಾಜಿನವ ಎರಡೂ ಕೈ ಚಾಚಿ ಅಂಚಿನಿಂದ ಏನನ್ನೋ ಕಿತ್ತೆಳೆದು ತೋರಿಸಿದ. ತನ್ನ ಕೆಲಸ ಸರಿಯಿಲ್ಲ ಅನ್ನುತ್ತಿದ್ದಾನೆಂದು ತಿಳಿದ ಭಾವ ಸುತ್ತಿಗೆ ಎತ್ತಿಕೊಂಡು ಪಟ್ಟಿಗೆ ಇನ್ನಷ್ಟು ಬಡಿದರು. ಆಮೇಲೆ ಗಾಜಿಗೇ ಬೀಸಿದರು. ಟಫನ್ ಗಾಜಿನ ನಟ್ಟನಡುವೆ ರಬ್ಬರ್ ಸುತ್ತಿಗೆ ಬೀಸಿದರೆ ಗಾಜಿಗೇನೂ ಆಗುವುದಿಲ್ಲ. ಸುತ್ತಿಗೆ ಪುಟಿದು ಹಿಂದಕ್ಕೆ ಬಂದು, ಮೊದಲೇ ಜಜ್ಜಿದ್ದ ಹಣೆಗೆ ತಗುಲಿತು. ಎಲ್ಲೋ ಪಕ್ಕದ ಬೀದಿಯಲ್ಲಿ ಹಾಸಿಗೆ ಕೊಡವಿದ ಹಾಗೆ ಸಣ್ಣಗೆ ಧಪ್ ಅಂದಿತು.

ಉಳಿದದ್ದು ಒಂದೇ ದಾರಿ, ಗಾಜು ಒಡೆಯುವುದು. ಮೊನೆಯ ಸುತ್ತಿಗೆಯಿಂದ ಮೂಲೆಗೊಂದು ಪೆಟ್ಟು ಕೊಟ್ಟರೆ ಸಾಕು. ಚೂರಿಯಂಥ ಚೂರು ಆಗುವುದಿಲ್ಲ ನಿಜ. ಆದರೆ ಆಳಿಗಿಂತ ಎತ್ತರದ ಗಾಜು ಕಾಳಾಗಿ, ಗಡ್ಡೆಯಾಗಿ ಮುಖದ ಮೇಲೆ ಸುರಿದರೆ ಕಣ್ಣು ಹೋಗಲು ಎಷ್ಟು ಹೊತ್ತು? ಒಳಗಿರುವವರು ಹಿಂದಿನ ಗೋಡೆಯವರೆಗೆ ಸರಿಯಬೇಕು, ಬೆನ್ನು ತಿರುಗಿಸಬೇಕು, ತಲೆ ಮುಚ್ಚಿಕೊಳ್ಳಬೇಕು. ಅಷ್ಟಾಗದೆ ಸುತ್ತಿಗೆ ಎತ್ತುವುದಿಲ್ಲ ಎಂದ ಗಾಜಿನವ. ಬೇರೆ ಯಾರನ್ನು ಕರೆಸಿದರೂ ಅವರು ಒಡೆಯಬೇಕಾದದ್ದು ಇದೇ ಗಾಜನ್ನು. ಭಾವನೋ, ಮೂಗು ಚಪ್ಪಟೆಯಾಗುವಂತೆ ಅದಕ್ಕೇ ಅಂಟಿಕೊಂಡು ನಿಂತಿದ್ದರು.

ಗಾಜಿನವ "ಹಿಂದೆ ಹೋಗಿ" ಎಂದು ಕೈಬೀಸಿದ. ತನ್ನನ್ನು ಆಚೆ ಹೋಗೆಂದನಲ್ಲ ಎಂದು ಭಾವ ಇನ್ನಷ್ಟು ಒತ್ತಿಕೊಂಡರು. ಗೂಳಿ ಅಷ್ಟು ದೊಡ್ಡ ದೇಹವನ್ನು ಮುದುರಿ ತಲೆಯ ಮೇಲೆ ಅಂಗಿ ಎಳೆದುಕೊಂಡು ತೋರಿಸಿದ. ಭಾವ ಅದನ್ನು ಅಣಕವೆಂದುಕೊಂಡರು. ಬಳಿಕ ಅವರು ಗಾಜಿನ ಮೇಲೆ ಹಾ ಎಂದು ಉಸಿರು ಬಿಟ್ಟು, ಆ ಮಬ್ಬಿನ ಮೇಲೆ ಬೆರಳಿನಿಂದ ಏನೋ ಬರೆದರು. ಹೊರಗಿನವರಿಗೆ ಅದು ಉಲ್ಟಾ. ಎಲ್ಲರೂ ಕತ್ತು ಸೊಟ್ಟ ಮಾಡಿ ಓದಿದರು, "ಮೂರ್ಖ" ಎಂದಿತ್ತು. ಅದು ಯಾರಿಗೆಂದು ಸ್ವಲ್ಪ ಹೊತ್ತು ಚರ್ಚೆಯಾಯಿತು. ಅಟೆಂಡರ್ ದೊಡ್ಡ ಮನಸ್ಸು ಮಾಡಿ ತನಗೇ ಇರಬೇಕೆಂದ.

ಒಡೆದ ಗಾಜು ಮೆತ್ತಗೆ ಬೀಳಲೆಂದು ಮೇಡಂ ಮಾರಾಟದ ಹಾಸಿಗೆಗಳನ್ನು ಎಳೆಸಿ ತಂದರು. ಗಾಜಿನವ ಕೈಮುಗಿದು ವಾಪಸ್ ಕಳಿಸಿದ. ಗಾಜಿನ ಕಾಳು ಹೊಕ್ಕ ಹಾಸಿಗೆಯ ಮೇಲೆ ಮಲಗಿದವನು ಮುಂದಿನ ಜನ್ಮದಲ್ಲೂ ನಿದ್ದೆ ಮಾಡಲಾರ. ಟಾರ್ಪಾಲು ಹಾಸಿ, ಮತ್ತೆ ಹಳದಿ ಟೇಪು ಕಟ್ಟಿ, ಡಬ್ಬಿಯಿಂದ ತನ್ನ ಮೊಬೈಲು ತೆಗೆದು ಅಕ್ಕನಿಗೆ ಫೋನು ಮಾಡಿದ.

"ಅಕ್ಕಾ, ಭಾವ ಗಾಜಿನೊಳಗೆ ಸಿಕ್ಕಾಕ್ಕೊಂಡಿದ್ದಾರೆ. ನಾವು ಹೇಳಿದ್ದು ಒಂದೂ ಕೇಳ್ತಿಲ್ಲ."

"ಯಾವತ್ತು ಕೇಳಿದ್ರು?" ಅಂದಳು ಅಕ್ಕ. ಆಮೇಲೆ ಎಂದಿನಂತೆ, "ಬಂದೆ."

ಅವಳು ಬರುವಷ್ಟರಲ್ಲಿ ಭಾವನ ಅಂಗಿ ಬೆವರಿಗೆ ಮೈಗಂಟಿತ್ತು. ಒಳಗಿನ ಗಾಜಿಗೆಲ್ಲ ಆವಿ ಕೂತು ಅವರು ಅರ್ಧರ್ಧ ಮಾತ್ರ ಕಾಣುತ್ತಿದ್ದರು. ಗಾಜಿನವ ಅಕ್ಕನ ತಲೆಗೆ ಹೆಲ್ಮೆಟ್ ಇಟ್ಟು, ಕಣ್ಣಿಗೆ ದಪ್ಪ ಕನ್ನಡಕ ಸಿಕ್ಕಿಸಿ, ಟೇಪಿನ ಒಳಗೆ ಬಿಟ್ಟ.

"ಹಿಂದಿನ ಗೋಡೆಗೆ ಹೋಗೋಕೆ ಹೇಳಕ್ಕ. ನೀನು ಹೇಳಿದ್ರೆ..." ಎಂದವನು ಅಲ್ಲಿಗೇ ನಿಲ್ಲಿಸಿದ. ಅವಳು ಹೇಳಿದ್ದನ್ನು ಭಾವ ಕೇಳಿದ್ದು ಅವನಿಗೂ ನೆನಪಿರಲಿಲ್ಲ.

ಅಕ್ಕ ಗಾಜಿನ ಮುಂದೆ ನಿಂತಳು. ಹೆಂಡತಿಯನ್ನು ಆ ವೇಷದಲ್ಲಿ ಕಂಡ ಭಾವ ಆವಿ ಒರೆಸಿ ಒರೆಸಿ ನೋಡಿದರು, ಬೆರಳು ಆಡಿಸಿದರು, ಬಾಯಿ ತೆರೆದು ಏನೇನೋ ಅಂದರು. ಅವಳು ಆ ಬಾಯಿಯನ್ನೇ ದಿಟ್ಟಿಸಿದಳು. ಸದ್ದಿಲ್ಲದೆ ಅಲ್ಲಾಡುವ ಬಾಯಿ ಎಷ್ಟು ಸಣ್ಣದಾಗಿ ಕಾಣುತ್ತದೆಂದು ಅವಳಿಗೆ ಆಗ ಹೊಳೆದಿರಬೇಕು.

"ನನ್ನ ಮಾತು ನಿಜವಾಗ್ಲೂ ಅವರಿಗೆ ಕೇಳ್ಸಲ್ವೇನೋ?" ಎಂದು ತಮ್ಮನನ್ನು ಕೇಳಿದಳು.

"ಒಂದಕ್ಷರಾನೂ ಇಲ್ಲ. ಗ್ಯಾರಂಟಿ ಕೆಲ್ಸ ಅಕ್ಕ."

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಶುರುಮಾಡಿದಳು. ಮೊದಮೊದಲು ಮೆಲ್ಲಗೆ, ಪಕ್ಕದ ಮನೆಯವರ ಮೇಲೆ ಚಾಡಿ ಹೇಳುವವಳ ಹಾಗೆ. ಆಮೇಲೆ ಬೀದಿಗೆ ಕೇಳುವ ಹಾಗೆ. ಅವಳು ಹೇಳಿದ್ದನ್ನೆಲ್ಲ ಇಲ್ಲಿ ಒಪ್ಪಿಸುವುದು ಮರ್ಯಾದೆಯಲ್ಲ, ಅವು ಸಂಸಾರದ ಮಾತುಗಳು. ಕಚೇರಿಯವರೂ ಕೇಳದವರಂತೆ ಮೇಜಿನತ್ತ ಬಗ್ಗಿ, ಒಂದು ಅಕ್ಷರವನ್ನೂ ಬಿಡದೆ ಕೇಳಿದರು. ಮೇಡಂ ಕಣ್ಣೊರೆಸಿಕೊಂಡರು. ಗಾಜಿನವ ಕೈಯಲ್ಲಿ ಸುತ್ತಿಗೆ ಹಿಡಿದು ತಲೆ ತಗ್ಗಿಸಿ ನಿಂತ. ಇವಳಿಗೆ ಇಷ್ಟೆಲ್ಲ ಇತ್ತು, ಇಷ್ಟು ದಿನ ತಾನು ಭಾವನಿಗೆ ತಲೆಯಾಡಿಸಿಕೊಂಡು ತಿರುಗಿದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಒಳಗಿದ್ದ ಭಾವನ ಬಾಯಿ ನಿಂತಿತ್ತು. ಹೆಂಡತಿ ಇಷ್ಟುದ್ದ ಮಾತಾಡುವುದನ್ನು ಅವರು ಎಂದೂ ನೋಡಿದವರಲ್ಲ. ಏನನ್ನುತ್ತಿದ್ದಾಳೆ? ಆವಿ ಕೂತಾಗಲೆಲ್ಲ ಅಂಗಿಯ ತೋಳಿನಿಂದ ಒರೆಸಿ ಅವಳ ತುಟಿಯನ್ನೇ ನೋಡಿದರು. ಅಕ್ಕ ಬೆರಳು ಮುಂದೆ ಮಾಡಿ ಗಾಜಿನತ್ತ ಒಂದು ಹೆಜ್ಜೆ ಇಟ್ಟಳು. ಭಾವ ಒಂದು ಹೆಜ್ಜೆ ಹಿಂದಿಟ್ಟರು. ಅವಳು ಇನ್ನೊಂದು ಇಟ್ಟಳು, ಅವರೂ ಇನ್ನೊಂದು ಹಿಂದೆ. ಮೇಜನ್ನು ಬಳಸಿ, ಕುರ್ಚಿಯನ್ನು ಎಡವಿ, ಕೊನೆಗೆ ಬೆನ್ನು ಹಿಂದಿನ ಗೋಡೆಗೆ ತಾಗಿತು.

"ಈಗ ಹೊಡಿ, ಈಗ!" ಎಂದು ಗೂಳಿ ಪಿಸುಗುಟ್ಟಿದ.

"ತಡಿ. ಮುಗಿಸ್ಲಿ," ಎಂದ ಗಾಜಿನವ. ಭಾವ ಕೂಗುವುದನ್ನು ನಿಲ್ಲಿಸಿದ್ದರಿಂದ ಗಾಳಿಗೇನೂ ಅಷ್ಟು ಅವಸರವಿರಲಿಲ್ಲ.

ಅಕ್ಕ ಮುಗಿಸಿದಳು, ಅಥವಾ ಅವಳ ಉಸಿರು ಮುಗಿಯಿತು. ಆಮೇಲೆ ಎರಡೂ ಕೈಯಿಂದ ತಲೆ ಮುಚ್ಚಿ, ತಿರುಗಿ ನಿಲ್ಲಿ ಎಂದು ಸನ್ನೆ ಮಾಡಿದಳು. ಭಾವ ಹೆಲ್ಮೆಟ್ ಹಾಕಿಕೊಂಡು, ಕುರ್ಚಿಯ ಮೇಲಿದ್ದ ಕೋಟಿನಿಂದ ತಲೆ ಕುತ್ತಿಗೆ ಮುಚ್ಚಿ ಗೋಡೆಯತ್ತ ತಿರುಗಿದರು. ಆ ಕಚೇರಿಯಲ್ಲಿ ಅವರ ಬೆನ್ನನ್ನು ಸರಿಯಾಗಿ ನೋಡಿದವರು ಅಂದಿನವರೆಗೆ ಯಾರೂ ಇರಲಿಲ್ಲ. ಗಾಜಿನವ ಅಕ್ಕನನ್ನು ಟೇಪಿನಾಚೆ ಕಳಿಸಿ, ಹೊರಗಿನ ಗಾಜಿನ ಕೆಳಮೂಲೆಗೆ ಮೊನೆ ಇಟ್ಟು ಒಂದು ಪೆಟ್ಟು ಕೊಟ್ಟ. ಗಾಜು ಒಮ್ಮೆಲೇ ಬೆಳ್ಳಗಾಗಿ, ಸೊಂಟ ಮುರಿದು, ಟಾರ್ಪಾಲಿನ ಮೇಲೆ ಸುರಿಯಿತು. ಸುರಿದದ್ದನ್ನು ಗೂಳಿ ಪಕ್ಕಕ್ಕೆ ತಳ್ಳಿದ. ಎರಡನೆಯ ಪೆಟ್ಟಿಗೆ ಒಳಗಿನದೂ ಬಿತ್ತು. ತಡೆದಿದ್ದ ಬಿಸಿ ಗಾಳಿ ಹೊರಗಿದ್ದವರ ಮುಖಕ್ಕೆ ಬಡಿಯಿತು.

ಭಾವ ಕೋಟು ಸರಿಸಿ ತಿರುಗಿದರು. ಮೈಮೇಲೆ ಒಂದು ಗೀರೂ ಇರಲಿಲ್ಲ. ಇನ್ನು ಶುರುವಾಗುತ್ತದೆಂದು ಎಲ್ಲರೂ ಕಿವಿಗೆ ಕೈ ಒಯ್ದರು. ಆದರೆ ಅಷ್ಟು ಹೊತ್ತು ಅರಚಿ ಭಾವನ ಗಂಟಲು ಕಟ್ಟಿಹೋಗಿತ್ತು. ಬಂದದ್ದು ಒಂದು ಪಿಸುಮಾತು.

"ಏನಂದೆ?"

ಕೇಳಿದ್ದು ಅಕ್ಕನನ್ನು. ಕೇಳಿಸುವುದಿಲ್ಲವೆಂಬ ಧೈರ್ಯದಲ್ಲಿ ಆಡಿದ ಮಾತುಗಳು ಅವು. ಈಗ ನಡುವೆ ಏನೂ ಇರಲಿಲ್ಲ. ಗಾಜಿನವ ಅವಳನ್ನು ಕಾಪಾಡಲೆಂದು ಬಾಯಿ ಹಾಕಿದ: "ಏನಿಲ್ಲ ಭಾವ, ಹಿಂದೆ ಸರ್‍ಕೊಳ್ಳಿ ಅಂದ್ಲು, ಅಷ್ಟೇ..."

"ನೀನು ಸುಮ್ನಿರೋ," ಅಂದಳು ಅಕ್ಕ. ಕನ್ನಡಕ ತೆಗೆದು ಗಂಡನತ್ತ ನೋಡಿದಳು. "ಸಂಜೆ ನೀವು ಗೇಟು ತೆಗೆಯೋ ಸದ್ದಾದ್ರೆ ನನ್ನ ಕೈ ನಡುಗತ್ತೆ ಅಂದೆ. ಕೈಲಿ ಏನಿದ್ರೂ ಕೆಳಗಿಟ್ಟುಬಿಡ್ತೀನಿ, ಬಿದ್ದು ಒಡೆದುಹೋದೀತು ಅಂತ. ಮದುವೆ ಆದಾಗಿಂದ ಹಾಗೇ ಅಂದೆ."

ಭಾವ ಅವಳ ಕೈ ನೋಡಿದರು. ಆ ಕೈ ಆಗಲೂ ನಡುಗುತ್ತಿತ್ತು.

"ಆಮೇಲೆ?" ಎಂದು ಪಿಸುಗುಟ್ಟಿದರು. "ಇನ್ನೂ ತುಂಬಾ ಹೊತ್ತು ಏನೋ ಹೇಳ್ತಿದ್ದೆಯಲ್ಲ."

"ಇದೆ. ಬೇಕಾದಷ್ಟಿದೆ."

"ಹೇಳು."

ಗೂಳಿ ಆಗಲೇ ಪೊರಕೆ ತೆಗೆದುಕೊಂಡು ಗಾಜಿನ ಕಾಳುಗಳನ್ನು ಬಳಿಯತೊಡಗಿದ್ದ. ಗಾಜಿನವ ಹೋಗಿ ಅವನ ಕೈ ಹಿಡಿದ. "ಆಮೇಲೆ ಗುಡಿಸೋಣ," ಎಂದ ಮೆಲ್ಲಗೆ. "ಸದ್ದಾಗತ್ತೆ."